ಮೊದಲ ಕಪ್ಪೆ ಯಾವುದು? ವೈಟ್ಸ್, ಪ್ಯಾಕ್‌ಮ್ಯಾನ್, ಡ್ವಾರ್ಫ್, ಫೈರ್ ಬೆಲ್ಲಿ: ಯಾರಿಗೆ ಯಾವುದು ಸರಿ

ಕಪ್ಪೆ ಸಾಕಲು ಹೊರಟವರು ಹೆಚ್ಚಾಗಿ ಬಣ್ಣ ನೋಡಿ ಆರಿಸುತ್ತಾರೆ. ಆದರೆ ಮನೆಗೆ ಬಂದ ಕಪ್ಪೆ ಬಾಳುವುದು, ಬಾಳದಿರುವುದು ಬೇರೆ ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಅದನ್ನು ಇಡುವ ಕೋಣೆ ಏಪ್ರಿಲ್, ಮೇ ತಿಂಗಳಲ್ಲಿ ಎಷ್ಟು ಬಿಸಿಯಾಗುತ್ತದೆ? ವಾರವಾರವೂ ಜೀವಂತ ಹುಳ ಎಲ್ಲಿಂದ ಬರುತ್ತದೆ? ಇವೆರಡಕ್ಕೂ ನಿಜವಾದ ಉತ್ತರ ಕಂಡುಕೊಂಡರೆ ಯಾವ ಜಾತಿ ಎಂಬುದು ಹೆಚ್ಚುಕಡಿಮೆ ತೀರ್ಮಾನವಾದಂತೆಯೇ.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇವೆ. ಹುಳ ಮುಟ್ಟಲು ಅಂಜದವರಿಗೆ, ಬೆಂಗಳೂರು ಮೈಸೂರಿನಂಥ ಹವೆಯಲ್ಲಿರುವವರಿಗೆ ವೈಟ್ಸ್ ಮರಗಪ್ಪೆ ಎಲ್ಲಕ್ಕಿಂತ ಒಳ್ಳೆಯದು. ಸಮಯ, ಜಾಗ ಎರಡೂ ಕಡಿಮೆ ಇದ್ದರೆ ಪ್ಯಾಕ್‌ಮ್ಯಾನ್. ಜೀವಂತ ಹುಳ ಮನೆಯೊಳಗೆ ಬರಲೇಬಾರದು ಎನ್ನುವ ಮನೆಯಾದರೆ, ಮೀನಿನ ತೊಟ್ಟಿ ನೋಡಿಕೊಂಡ ಅಭ್ಯಾಸವೂ ಇದ್ದರೆ ಡ್ವಾರ್ಫ್ ಕಪ್ಪೆ. ಫೈರ್ ಬೆಲ್ಲಿ ತಂಪು ಊರಿನವರಿಗೆ ಮಾತ್ರ. ಯಾಕೆ ಹೀಗೆ ಎಂಬುದು ಮುಂದಿದೆ.

ಗದ್ದೆಯ ಕಪ್ಪೆ ಬೇಡ

ಗದ್ದೆಯಲ್ಲೋ ಬಚ್ಚಲುಮನೆಯ ಗೋಡೆಯಲ್ಲೋ ಸಿಕ್ಕ ಕಪ್ಪೆಯನ್ನು ಹಿಡಿದು ಸಾಕುವ ಯೋಚನೆ ಬಿಡಿ. ಕಾಡುಪ್ರಾಣಿಯನ್ನು ಹಿಡಿದಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವಾಗಬಹುದು. ಕಾಯ್ದೆಯನ್ನು ಬದಿಗಿಟ್ಟರೂ ಕಾರಣವಿದೆ. ಹೊರಗಿನಿಂದ ಹಿಡಿದ ಕಪ್ಪೆಯ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಜಂತುಹುಳ ಇರುತ್ತವೆ. ಬಯಲಿನಲ್ಲಿ ಅವು ಕಪ್ಪೆಗೆ ಹೆಚ್ಚು ತೊಂದರೆ ಕೊಡುವುದಿಲ್ಲ. ಸಣ್ಣ ಪೆಟ್ಟಿಗೆಯಲ್ಲಿ ಕೂಡಿಟ್ಟಾಗ ಕಪ್ಪೆ ಗಾಬರಿಯಿಂದ ಸೊರಗುತ್ತದೆ, ಅವೇ ಜಂತುಗಳು ಹೆಚ್ಚಿ ಕೊಲ್ಲುತ್ತವೆ. ಪಶ್ಚಿಮ ಘಟ್ಟದ ಹಾರುವ ಕಪ್ಪೆಯಂಥವು ಈ ಪ್ರದೇಶ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅವು ಇರಬೇಕಾದುದು ಅಲ್ಲಿಯೇ.

ವಿದೇಶಿ ಜಾತಿಗಳಿಗೂ ನಿಯಮವಿದೆ. ವನ್ಯಜೀವಿ ವ್ಯಾಪಾರಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಸಾಕುವವರು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಹೊಸದಾಗಿ ತಂದವರಿಗೆ 30 ದಿನಗಳ ಗಡುವು. ಕೆಂಪುಕಣ್ಣಿನ ಮರಗಪ್ಪೆ, ಡಾರ್ಟ್ ಕಪ್ಪೆಗಳು, ಟೊಮ್ಯಾಟೊ ಕಪ್ಪೆ ಆ ಪಟ್ಟಿಯಲ್ಲಿವೆ. ಇಲ್ಲಿ ಹೋಲಿಸುತ್ತಿರುವ ನಾಲ್ಕು ಆ ಪಟ್ಟಿಯಲ್ಲಿಲ್ಲ. ಹಾಗಿದ್ದರೂ ಬಿಲ್ಲು ಕೇಳಿ ಪಡೆದು ಇಟ್ಟುಕೊಳ್ಳಿ, ಸಾಕಿದ ತಾಯ್ತಂದೆಗಳ ಮರಿಯೇ ಎಂದು ವಿಚಾರಿಸಿ.

ವೈಟ್ಸ್ ಮರಗಪ್ಪೆ

ಉತ್ತರ ಮತ್ತು ಪೂರ್ವ ಆಸ್ಟ್ರೇಲಿಯಾ, ನ್ಯೂಗಿನಿಯ ದಕ್ಷಿಣ ಭಾಗ ಇದರ ತವರು. 1790ರಲ್ಲಿ ಇದನ್ನು ಮೊದಲು ವರ್ಣಿಸಿದ ಜಾನ್ ವೈಟ್ ಹೆಸರೇ ಇದಕ್ಕೆ ಬಂದಿದೆ. ಕೆಲವರು ಡಂಪಿ ಎಂದೂ ಕರೆಯುತ್ತಾರೆ. ಬೆಳೆದಾಗ 7ರಿಂದ 11 ಸೆಂ.ಮೀ., ಹೆಣ್ಣು ದೊಡ್ಡದು. ಚೆನ್ನಾಗಿ ನೋಡಿಕೊಂಡರೆ 15 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬದುಕುತ್ತದೆ. ಈಗ ಐದನೇ ತರಗತಿಯಲ್ಲಿರುವ ಮಗು ಓದು ಮುಗಿಸಿ ಕೆಲಸಕ್ಕೆ ಸೇರಿದಾಗಲೂ ಕಪ್ಪೆ ಮನೆಯಲ್ಲೇ ಇರುತ್ತದೆ, ಅದಕ್ಕೆ ಸಿದ್ಧರಿರಬೇಕು.

ಇದನ್ನು ಮೊದಲ ಸ್ಥಾನದಲ್ಲಿಡಲು ಮುಖ್ಯ ಕಾರಣ ಇದರ ಚರ್ಮ. ಮೇಣದಂಥ ದಪ್ಪ ಪದರ ಇರುವುದರಿಂದ ಬೇರೆ ಮರಗಪ್ಪೆಗಳಷ್ಟು ಬೇಗ ಒಣಗುವುದಿಲ್ಲ. ಶೇ. 40ರಿಂದ 60ರಷ್ಟು ತೇವಾಂಶ ಸಾಕು. ಸಂಜೆ ಒಮ್ಮೆ ನೀರು ಚಿಮುಕಿಸಿ, ಬೆಳಗ್ಗೆ ಪೆಟ್ಟಿಗೆ ಆರಿರುವಂತೆ ನೋಡಿಕೊಂಡರೆ ಆಯಿತು. ದಿನವಿಡೀ ಒದ್ದೆಯಾಗಿಟ್ಟರೆ ಚರ್ಮಕ್ಕೆ ಬ್ಯಾಕ್ಟೀರಿಯಾ ಸೋಂಕು ತಗಲುತ್ತದೆ. ಕಪ್ಪೆ ಎಂದರೆ ಸದಾ ತೊಪ್ಪೆಯಾಗಿರಬೇಕು ಎಂದುಕೊಂಡು ಹೊಸಬರು ಈ ಕಪ್ಪೆಯನ್ನು ಕಳೆದುಕೊಳ್ಳುವುದು ಇಲ್ಲಿಯೇ. ಕರಾವಳಿಯಲ್ಲಂತೂ ಮಳೆಗಾಲದಲ್ಲಿ ಚಿಮುಕಿಸುವ ಅಗತ್ಯವೇ ಬೀಳದಿರಬಹುದು, ಗಾಳಿಯಾಡುವ ಜಾಲರಿ ಮುಚ್ಚಳ ಅಲ್ಲಿ ಇನ್ನೂ ಮುಖ್ಯ.

ಹಗಲು 24ರಿಂದ 29 ಡಿಗ್ರಿ, ರಾತ್ರಿ 20ರ ಆಸುಪಾಸು ಬೇಕು. ಬೆಂಗಳೂರಿನ ಕೋಣೆಯಲ್ಲಿ ವರ್ಷದ ಬಹುಪಾಲು ಇದು ತಾನಾಗಿಯೇ ಇರುತ್ತದೆ. ಡಿಸೆಂಬರ್, ಜನವರಿಯ ರಾತ್ರಿ 15ಕ್ಕೆ ಇಳಿದಾಗ ಮಾತ್ರ ಪೆಟ್ಟಿಗೆಯ ಒಂದು ಪಕ್ಕದ ಹೊರಗಾಜಿಗೆ ಸಣ್ಣ ಹೀಟ್ ಮ್ಯಾಟ್ ಅಂಟಿಸಿ. ಶಾಖ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಅದಕ್ಕೆ ಇರಲೇಬೇಕು.

ಒಂದು ಅಥವಾ ಎರಡು ಕಪ್ಪೆಗೆ 45 ಸೆಂ.ಮೀ. ಉದ್ದ, 45 ಅಗಲ, 60 ಎತ್ತರದ ಗಾಜಿನ ಪೆಟ್ಟಿಗೆ ಬೇಕು. ಎತ್ತರ ಮುಖ್ಯ, ಯಾಕೆಂದರೆ ಇದು ಹತ್ತುವ ಕಪ್ಪೆ. ಕಪ್ಪೆಯ ತೂಕ ತಡೆಯುವಷ್ಟು ದಪ್ಪದ ಎರಡು ಮೂರು ಕೊಂಬೆ ಓರೆಯಾಗಿ ನಿಲ್ಲಿಸಿ. ಸೀಬೆ ಕೊಂಬೆ ಚೆನ್ನಾಗಿ ಬಾಳುತ್ತದೆ. ಕಾಫಿ ಗಿಡದ ಬೊಡ್ಡೆ ನೋಡಲು ಚೆಂದ. ಆದರೆ ಮೈಲುತುತ್ತ ಹೊಡೆದ ತೋಟದ್ದಾಗಿದ್ದರೆ ಬೇಡ, ತಾಮ್ರದ ಅಂಶ ಕಪ್ಪೆಗೆ ವಿಷ. ಜೊತೆಗೆ ಒಂದು ಕುಂಡ ಮನಿ ಪ್ಲಾಂಟ್ ಇಟ್ಟರೆ ಮರೆಯೂ ಆಯಿತು, ತೇವವೂ ಆಯಿತು. ಕೆಳಗೆ ಮೊದಲ ತಿಂಗಳು ಬರಿಯ ಪೇಪರ್ ಟವಲ್ ಸಾಕು. ಕಪ್ಪೆ ಪೂರ್ತಿ ಕೂರುವಷ್ಟು ಅಗಲದ ನೀರಿನ ತಟ್ಟೆ ಇರಲಿ, ನೀರು ದಿನವೂ ಬದಲಾಗಲಿ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಹೊಟ್ಟೆಯಡಿಯ ಚರ್ಮದಿಂದ ಹೀರಿಕೊಳ್ಳುತ್ತದೆ. ಹೇಸಿಗೆ ಮಾಡಿದ ತಟ್ಟೆಯಲ್ಲೇ ಕೂತರೆ ಅದೇ ಕೊಳಕು ಒಳಗೆ ಹೋಗುತ್ತದೆ.

ಇದರ ದೊಡ್ಡ ರೋಗ ಬೊಜ್ಜು. ಕೊಟ್ಟಷ್ಟೂ ತಿನ್ನುತ್ತದೆ, ತಿನ್ನುವುದನ್ನು ನೋಡಲು ಖುಷಿಯೂ ಆಗುತ್ತದೆ. ಬೆಳೆದ ಕಪ್ಪೆಗೆ ವಾರಕ್ಕೆ ಎರಡು ಸಲ, ಸಲಕ್ಕೆ ನಾಲ್ಕರಿಂದ ಆರು ಕ್ರಿಕೆಟ್ ಹುಳ ಅಥವಾ ಮೂರು ನಾಲ್ಕು ಮಧ್ಯಮ ಗಾತ್ರದ, ಊಟಕ್ಕೆಂದೇ ಸಾಕುವ ಡೂಬಿಯಾ ಜಿರಳೆ ಸಾಕು. ಮರಿಗೆ ದಿನವೂ ಅಥವಾ ದಿನ ಬಿಟ್ಟು ದಿನ. ತೂಕ ಸರಿಯಿದೆಯೇ ಎಂದು ತಿಳಿಯಲು ಕಣ್ಣಿನ ಮೇಲಿನ ಏಣನ್ನು ನೋಡಿ. ಏಣು ಕಾಣದಿದ್ದರೆ ಬಡಕಲು, ಮೆತ್ತಗೆ ದುಂಡಗಿದ್ದರೆ ಸರಿ, ಮಡಿಕೆಯಾಗಿ ಕಣ್ಣಿನ ಮೇಲೆ ಜೋತುಬಿದ್ದರೆ ಊಟ ಅರ್ಧಕ್ಕಿಳಿಸಬೇಕು.

ಇನ್ನೊಂದು ಸಂಗತಿ ಸದ್ದು. ಗಂಡು ರಾತ್ರಿ ಜೋರಾಗಿ ವಟಗುಟ್ಟುತ್ತದೆ. ಮಳೆ ಶುರುವಾದಾಗ, ಪಂಪ್ ಹಾಕಿದಾಗ, ಮಿಕ್ಸಿ ತಿರುಗಿದಾಗಲೂ ದನಿ ತೆಗೆಯಬಹುದು. ಮರಿಯಿದ್ದಾಗ ಗಂಡು ಹೆಣ್ಣು ಗೊತ್ತಾಗುವುದಿಲ್ಲ. ಮಲಗುವ ಕೋಣೆಯಲ್ಲಿ ಬೇಡ. ಎರಡು ಸಾಕುವುದಾದರೆ ಒಂದೇ ಗಾತ್ರದವು ಇರಲಿ, ಬಾಯಲ್ಲಿ ಹಿಡಿಸುವ ಸಣ್ಣದನ್ನು ದೊಡ್ಡದು ನುಂಗುತ್ತದೆ.

ಪ್ಯಾಕ್‌ಮ್ಯಾನ್ ಕಪ್ಪೆ

ದಕ್ಷಿಣ ಅಮೆರಿಕದ ಗ್ರಾನ್ ಚಾಕೊ ಬಯಲಿನ ಕೊಂಬುಗಪ್ಪೆ ಇದು. ಅರ್ಜೆಂಟೀನಾ, ಪರಾಗ್ವೆ, ಬೊಲಿವಿಯಾಗಳಲ್ಲಿ ಮಣ್ಣಿನಲ್ಲಿ ಅರ್ಧ ಹೂತು ಕೂತು, ಎದುರಿಗೆ ಬಂದದ್ದನ್ನು ನುಂಗಿ ಬದುಕುತ್ತದೆ. ಹೆಣ್ಣು 10ರಿಂದ 13 ಸೆಂ.ಮೀ., ಗಂಡು ಸ್ವಲ್ಪ ಸಣ್ಣದು. 10ರಿಂದ 15 ವರ್ಷ ಬಾಳುತ್ತದೆ.

ಓಡಾಡುವ ಪ್ರಾಣಿ ಬೇಕೆನ್ನುವವರಿಗೆ ಇದು ನಿರಾಸೆ ತರುತ್ತದೆ. ದಿನಗಟ್ಟಲೆ ಒಂದೇ ಕಡೆ ಕೂತಿರುತ್ತದೆ, ಅದೇ ಅದರ ಆರೋಗ್ಯದ ಲಕ್ಷಣ. ಹಾಗಾಗಿ ಜಾಗ ಕಡಿಮೆ ಸಾಕು: 45ರಿಂದ 50 ಸೆಂ.ಮೀ. ಉದ್ದ, 30 ಅಗಲದ ತೊಟ್ಟಿ, ಮುಚ್ಚಳ. ಒಂದು ತೊಟ್ಟಿಗೆ ಒಂದೇ ಕಪ್ಪೆ. ಎರಡಿಟ್ಟರೆ ಕೊನೆಗೆ ಒಂದೇ ಉಳಿಯುತ್ತದೆ.

ತೊಟ್ಟಿಯಲ್ಲಿ 7ರಿಂದ 10 ಸೆಂ.ಮೀ. ಆಳಕ್ಕೆ ತೆಂಗಿನ ನಾರಿನ ಪುಡಿ ತುಂಬಿ. ನರ್ಸರಿಯ ಕೊಕೊಪೀಟ್ ಇಟ್ಟಿಗೆ ನಡೆಯುತ್ತದೆ, ಗೊಬ್ಬರ ಬೆರೆಸಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ನಾರಿನಲ್ಲಿ ಉಪ್ಪಿನಂಶ ಉಳಿದಿರುವುದುಂಟು. ಬಕೆಟ್ಟಿನಲ್ಲಿ ನೆನೆಸಿ, ಹಿಂಡಿ, ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ ತೊಳೆಯಿರಿ. ಹಿಡಿಯಲ್ಲಿ ಗಟ್ಟಿಯಾಗಿ ಹಿಂಡಿದಾಗ ಒಂದೆರಡು ಹನಿ ಬಿದ್ದರೆ ತೇವ ಸರಿ, ಧಾರೆ ಸುರಿದರೆ ಹೆಚ್ಚು. ಜಲ್ಲಿ, ಮರಳು, ಮರದ ಚೂರು ಹಾಕಬೇಡಿ. ಹುಳದ ಜೊತೆ ಅವನ್ನೂ ನುಂಗಿ ಕರುಳು ಕಟ್ಟಿಕೊಳ್ಳುತ್ತದೆ.

ನಾರಿನ ಈ ಮಣ್ಣು ಒಣಗಿದರೆ ಕಪ್ಪೆ ತನ್ನ ಸುತ್ತ ಸತ್ತ ಚರ್ಮದ ಗಟ್ಟಿ ಪೊರೆ ಕಟ್ಟಿಕೊಂಡು ನಿದ್ದೆಗೆ ಹೋಗುತ್ತದೆ. ಬರಗಾಲ ಕಳೆಯಲು ಚಾಕೊದಲ್ಲಿ ಅದು ಮಾಡುವ ಉಪಾಯವೇ ಇದು. ನೋಡಿದವರು ಸತ್ತಿತೆಂದು ಎಸೆದುಬಿಡುವ ಅಪಾಯವಿದೆ. ಕೋಣೆಯ ಶಾಖದ, ಕ್ಲೋರಿನ್ ಇಲ್ಲದ ಒಂದೆರಡು ಸೆಂ.ಮೀ. ನೀರಿನಲ್ಲಿ ಕೂರಿಸಿ, ಪೊರೆ ತಾನಾಗಿ ಬಿಡುತ್ತದೆ, ಕೈಯಿಂದ ಕೀಳಬೇಡಿ.

ಎಂದೂ ಕದಲದ ಕಪ್ಪೆ ಇದ್ದಕ್ಕಿದ್ದಂತೆ ತೊಟ್ಟಿಯೆಲ್ಲ ಕುಪ್ಪಳಿಸತೊಡಗಿದರೆ ಚೈತನ್ಯ ಬಂತೆಂದು ಸಂತೋಷಪಡಬೇಡಿ. ಹೆಚ್ಚಿನ ಸಲ ಅದು ಕೊಳೆತ ಮಣ್ಣಿನ ಅಮೋನಿಯಾ ಚರ್ಮ ಸುಡುತ್ತಿರುವ ಸೂಚನೆ. ಹೇಸಿಗೆ ಕಂಡಾಗಲೆಲ್ಲ ತೆಗೆಯಿರಿ, ನಾಲ್ಕರಿಂದ ಆರು ವಾರಕ್ಕೊಮ್ಮೆ ಮಣ್ಣು ಪೂರ್ತಿ ಬದಲಿಸಿ. ನೀರಿನ ತಟ್ಟೆ ಕಪ್ಪೆಯ ಭುಜಕ್ಕಿಂತ ಆಳ ಇರಬಾರದು, ಇದು ಈಜಲು ಬಾರದ ಜಾತಿ.

ಶಾಖ 24ರಿಂದ 28 ಡಿಗ್ರಿ. ಹೀಟ್ ಮ್ಯಾಟನ್ನು ತೊಟ್ಟಿಯ ಅಡಿಗೆ ಇಡಬಾರದು. ಸೆಕೆಯಾದಾಗ ಈ ಕಪ್ಪೆ ತಂಪು ಹುಡುಕಿ ಕೆಳಕ್ಕೆ ಅಗೆಯುತ್ತದೆ, ಅಲ್ಲಿ ಇನ್ನಷ್ಟು ಬಿಸಿ ಸಿಕ್ಕಿ ಹೊಟ್ಟೆ ಸುಡುತ್ತದೆ. ಪಕ್ಕದ ಗಾಜೇ ಸರಿಯಾದ ಜಾಗ.

ಬೆಳೆದ ಪ್ಯಾಕ್‌ಮ್ಯಾನಿಗೆ ಏಳರಿಂದ ಹತ್ತು ದಿನಕ್ಕೊಂದು ಊಟ. ಎರಡು ಮೂರು ದೊಡ್ಡ ಎರೆಹುಳ, ಅಥವಾ ಐದಾರು ಡೂಬಿಯಾ. ದಸರೆಗೆ ಒಂದು ವಾರ ಊರಿಗೆ ಹೋಗಿಬರುವವರಿಗೆ ಇಷ್ಟು ಹೊಂದುವ ಕಪ್ಪೆ ಬೇರಿಲ್ಲ. ಯಾರಾದರೂ ಬಂದು ನೀರು ಬದಲಿಸಿ, ಮಣ್ಣಿಗೆ ಚಿಮುಕಿಸಿದರೆ ಸಾಕು. ಊಟ ಕೊಡಲು ಉದ್ದದ ಮೊಂಡು ಚಿಮಟ ಬಳಸಿ. ಮೇಲ್ದವಡೆಯಲ್ಲಿ ಹಲ್ಲು, ಕೆಳದವಡೆಯಲ್ಲಿ ಹಲ್ಲಿನಂಥ ಮೂಳೆಮೊನೆ ಇವೆ. ಬೆರಳು ಸಿಕ್ಕರೆ ರಕ್ತ ಬರುತ್ತದೆ, ಬೇಗ ಬಿಡುವುದೂ ಇಲ್ಲ. ಪುಟ್ಟ ಮಕ್ಕಳು ಕೈ ಹಾಕುವ ಮನೆಯಲ್ಲಿ ಇದನ್ನು ಇಡಬೇಡಿ.

ಕೊಳ್ಳುವಾಗ ಒಂದು ಎಚ್ಚರ. ಕಣ್ಣಿನ ಮೇಲೆ ಉದ್ದನೆಯ ಚೂಪು ಕೊಂಬಿರುವ ಸುರಿನಾಮ್ ಕೊಂಬುಗಪ್ಪೆಯೂ ಕೆಲವೊಮ್ಮೆ ಇದೇ ಹೆಸರಲ್ಲಿ ಬರುತ್ತದೆ. ಅದು ಹೆಚ್ಚಾಗಿ ಕಾಡಿನಿಂದ ಹಿಡಿದದ್ದು, ಹುಳ ತಿನ್ನಲು ಒಪ್ಪದೆ ಸೊರಗುತ್ತದೆ. ಹೊಸಬರು ಮುಟ್ಟಬಾರದು.

ಡ್ವಾರ್ಫ್ ಕಪ್ಪೆ, ಮತ್ತು ಅದರ ವೇಷದಲ್ಲಿ ಬರುವ ಇನ್ನೊಂದು

ಮಧ್ಯ ಆಫ್ರಿಕದ ಈ ಕಪ್ಪೆ ಬೆಳೆದರೂ 3ರಿಂದ 4 ಸೆಂ.ಮೀ. ಮಾತ್ರ. ಜೀವನವಿಡೀ ನೀರಿನಲ್ಲೇ ಇರುತ್ತದೆ, ಉಸಿರಿಗೆ ಮಾತ್ರ ಮೇಲೆ ಬರುತ್ತದೆ. ಆಯುಸ್ಸು ಸುಮಾರು ಐದು ವರ್ಷ, ಕೆಲವು ಇನ್ನೂ ಹೆಚ್ಚು ಬಾಳುತ್ತವೆ. ದೀರ್ಘ ಹೊಣೆ ಬೇಡ ಎನ್ನುವವರಿಗೆ ಇದೂ ಒಂದು ಲೆಕ್ಕಾಚಾರ.

ಮೊದಲು ಗುರುತು ತಿಳಿದಿರಬೇಕು. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಬಿಳಿ ಮೈ, ಕೆಂಪು ಕಣ್ಣಿನ ನೀರುಗಪ್ಪೆ ಡ್ವಾರ್ಫ್ ಅಲ್ಲ, ಆಫ್ರಿಕನ್ ಕ್ಲಾಡ್ ಕಪ್ಪೆಯ ಬಿಳಿ ತಳಿ. ಅದು 10 ಸೆಂ.ಮೀ. ಮೀರಿ ಬೆಳೆಯುತ್ತದೆ, 15 ವರ್ಷಕ್ಕಿಂತ ಹೆಚ್ಚು ಬದುಕಬಲ್ಲದು, ಜೊತೆಗಿರುವ ಸಣ್ಣ ಮೀನುಗಳನ್ನೆಲ್ಲ ತಿನ್ನುತ್ತದೆ. ಬಣ್ಣ ನಂಬದೆ ಮುಂಗೈ ನೋಡಿ. ಡ್ವಾರ್ಫ್‌ಗೆ ಮುಂಗೈ ಬೆರಳುಗಳ ನಡುವೆಯೂ ಜಾಲಪೊರೆ ಇರುತ್ತದೆ, ಕ್ಲಾಡ್‌ಗೆ ಮುಂಗೈ ಬೆರಳು ಬಿಡಿಬಿಡಿ. ಡ್ವಾರ್ಫ್‌ನ ಕಣ್ಣು ತಲೆಯ ಪಕ್ಕದಲ್ಲಿ, ಕ್ಲಾಡ್‌ನದು ತಲೆಯ ಮೇಲೆ.

ಕ್ಲಾಡ್ ಗಟ್ಟಿಮುಟ್ಟಾದ ಪ್ರಾಣಿ, ಸಾಕಲು ಕಷ್ಟವೂ ಇಲ್ಲ. 1930ರ ದಶಕದಿಂದ ಗರ್ಭಪರೀಕ್ಷೆಗಾಗಿ ಆಸ್ಪತ್ರೆಗಳಿಗೆ, ಪ್ರಯೋಗಾಲಯಗಳಿಗೆ ಹೋಗಿ ಜಗತ್ತೆಲ್ಲ ಹರಡಿದ್ದು ಆ ಗಟ್ಟಿತನದಿಂದಲೇ. ತಪ್ಪಿಸಿಕೊಂಡ ಕಡೆಗಳಲ್ಲಿ, ಕ್ಯಾಲಿಫೋರ್ನಿಯಾ, ಚಿಲಿ, ಫ್ರಾನ್ಸ್‌ನಂಥಲ್ಲಿ, ನೀರಿನ ಜೀವಿಗಳಿಗೆ ಕಂಟಕವಾಗಿದೆ. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಸಾಕುವುದೇ ನಿಷಿದ್ಧ, ಅಲ್ಲಿರುವ ಕನ್ನಡಿಗರು ಗಮನಿಸಿ. ಇಲ್ಲಿಯೂ ಸಾಕಿ ಬೇಸರವಾಯಿತೆಂದು ಕೆರೆಗೆ ಬಿಡುವ ಕೆಲಸ ಖಂಡಿತ ಕೂಡದು. ನಮ್ಮ ಕೆರೆಗಳಿಗೆ ಇಂಥ ಅತಿಥಿ ಬಂದರೆ ಗೊದಮೊಟ್ಟೆಗಳು ಉಳಿಯುವುದಿಲ್ಲ. ಅದರ ಮೈಯಲ್ಲಿ ಕೈಟ್ರಿಡ್ ಶಿಲೀಂಧ್ರವೂ ಇರಬಹುದು, ಅದು ಹಲವು ದೇಶಗಳಲ್ಲಿ ಕಪ್ಪೆಯ ಜಾತಿಗಳನ್ನೇ ಅಳಿಸಿದ ರೋಗ.

ಡ್ವಾರ್ಫ್‌ಗೆ ಮರಳಿ ಬಂದರೆ, ಮೂರು ನಾಲ್ಕು ಕಪ್ಪೆಗೆ 40 ಲೀಟರಿನ ತೊಟ್ಟಿ ಬೇಕು. ಬಿದಿರಿನ ಕಡ್ಡಿ ಸಿಕ್ಕಿಸಿ ಮಾರುವ ಗಾಜಿನ ಬಟ್ಟಲು ಕಪ್ಪೆಯ ಮನೆಯಲ್ಲ, ನಿಧಾನವಾಗಿ ಕೊಲ್ಲುವ ಜಾಗ. ನೀರಿನ ಆಳ 30 ಸೆಂ.ಮೀ. ಮೀರದಿರಲಿ, ಉಸಿರಿಗಾಗಿ ಪದೇ ಪದೇ ಮೇಲೇರಬೇಕಲ್ಲ. ಗಾಳಿ ಪಂಪಿನ ಸ್ಪಾಂಜ್ ಫಿಲ್ಟರ್ ಸಾಕು, ರಭಸದ ಫಿಲ್ಟರ್ ಬೇಡ. ಮುಚ್ಚಳದಲ್ಲಿ ಬೆರಳು ತೂರುವಷ್ಟೂ ಸಂದು ಇರಬಾರದು. ಹಾರಿ ಹೊರಬಿದ್ದ ಡ್ವಾರ್ಫ್ ಬೇಗನೆ ಒಣಗಿ ಸಾಯುತ್ತದೆ.

ಕಪ್ಪೆ ತರುವ ಮೊದಲೇ ಫಿಲ್ಟರನ್ನು ನಾಲ್ಕರಿಂದ ಆರು ವಾರ ಓಡಿಸಿ, ಚಿಟಿಕೆ ಮೀನಿನ ಆಹಾರ ಹಾಕುತ್ತ, ಕೊಳೆಯಿಂದ ನೀರಿನಲ್ಲಿ ಸೇರುವ ವಿಷಗಳಾದ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ ಕಾಯಬೇಕು. ಚೆನ್ನಾಗಿ ನಡೆಯುತ್ತಿರುವ ತೊಟ್ಟಿಯ ಹಳೆಯ ಸ್ಪಾಂಜ್ ಸಿಕ್ಕರೆ ಈ ಅವಧಿ ಬಹಳ ಕಡಿಮೆಯಾಗುತ್ತದೆ. ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ನೀರಿನ ಶಾಖ 22ರಿಂದ 26 ಡಿಗ್ರಿ.

ಊಟವೇ ಇಲ್ಲಿನ ಅನುಕೂಲ. ಫ್ರೀಜರಿನ ಬ್ಲಡ್‌ವರ್ಮ್, ಬ್ರೈನ್ ಶ್ರಿಂಪ್, ಮುಳುಗುವ ಕಾಳು ಸಾಕು, ಜೀವಂತ ಹುಳ ಬೇಕಿಲ್ಲ. ಆದರೆ ಇವು ಮಂದದೃಷ್ಟಿಯ ಕಪ್ಪೆಗಳು, ವಾಸನೆಯಿಂದ ಊಟ ಹುಡುಕುತ್ತವೆ, ನಾಲಿಗೆಯೂ ಇಲ್ಲ. ಚುರುಕಿನ ಮೀನುಗಳ ಜೊತೆ ಬಿಟ್ಟರೆ ಮೀನು ತಿಂದು ಮುಗಿಸುತ್ತದೆ, ಕಪ್ಪೆ ಹಸಿದೇ ಸಾಯುತ್ತದೆ. ತಳದಲ್ಲಿ ಬಣ್ಣ ಹಚ್ಚದ ಮಣ್ಣಿನ ಹಣತೆಯೊಂದನ್ನಿಟ್ಟು, ದಿನ ಬಿಟ್ಟು ದಿನ ಪಿಪೆಟ್‌ನಿಂದ ಅದರೊಳಗೇ ಊಟ ಬಿಡಿ. ಕೆಲವು ದಿನಗಳಲ್ಲಿ ಜಾಗ ಕಲಿತು ತಾವಾಗಿ ಬರುತ್ತವೆ. ಹತ್ತು ಹದಿನೈದು ನಿಮಿಷದ ನಂತರ ಉಳಿದದ್ದು ತೆಗೆದುಬಿಡಿ.

ಮಕ್ಕಳಿರುವ ಮನೆಗೆ ಇನ್ನೊಂದು ಮಾತು. 2009ರಿಂದ 2011ರವರೆಗೆ ಅಮೆರಿಕದಲ್ಲಿ ಡ್ವಾರ್ಫ್ ಕಪ್ಪೆಗಳಿಂದ ಹರಡಿದ ಸಾಲ್ಮೊನೆಲ್ಲಾ 200ಕ್ಕೂ ಹೆಚ್ಚು ಜನರನ್ನು ಮಲಗಿಸಿತು, ಹೆಚ್ಚಿನವರು ಮಕ್ಕಳು. ತೊಟ್ಟಿಯ ನೀರನ್ನು ಅಡುಗೆಮನೆ ಸಿಂಕಿಗೆ ಸುರಿಯಬಾರದು, ಶೌಚಾಲಯಕ್ಕೆ ಹಾಕಬೇಕು. ಯಾವ ಕಪ್ಪೆಯಾದರೂ ಐದು ವರ್ಷದೊಳಗಿನ ಮಕ್ಕಳು ಮುಟ್ಟದಿರಲಿ, ಉಳಿದವರು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಲಿ.

ಫೈರ್ ಬೆಲ್ಲಿ

ಕೊರಿಯಾ, ಈಶಾನ್ಯ ಚೀನಾ, ರಷ್ಯಾದ ಪೂರ್ವ ಅಂಚಿನಿಂದ ಬಂದ 4ರಿಂದ 5 ಸೆಂ.ಮೀ. ಉದ್ದದ ಕಪ್ಪೆ. ಬೆನ್ನು ಹಸಿರು ಕಪ್ಪು, ಹೊಟ್ಟೆ ಕೆಂಪು. ಹಗಲಲ್ಲೇ ಓಡಾಡುತ್ತದೆ, ಗುಂಪಾಗಿ ಇರುತ್ತದೆ, ಜನರಿಗೆ ಅಂಜುವುದಿಲ್ಲ. ನೋಡುವ ಸುಖದಲ್ಲಿ ನಾಲ್ಕರಲ್ಲಿ ಇದೇ ಮೊದಲು. 10ರಿಂದ 15 ವರ್ಷ ಬಾಳುತ್ತದೆ.

ಆದರೆ ಇದಕ್ಕೆ ಬೇಕಾದ್ದು 18ರಿಂದ 24 ಡಿಗ್ರಿ. 28 ದಾಟಿ ಕೆಲವು ದಿನ ನಿಂತರೆ ಊಟ ಬಿಡುತ್ತದೆ, ಆಮೇಲೆ ಸಾಯುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಗುಡ್ಡದ ಮನೆ, ಇಲ್ಲವೇ ಲಂಡನ್, ಸಿಯಾಟಲ್ ಕಡೆಯ ಕನ್ನಡಿಗರ ಮನೆ ಇದಕ್ಕೆ ಹೇಳಿ ಮಾಡಿಸಿದ್ದು. ಬಯಲುಸೀಮೆಯಲ್ಲಿ ಎ.ಸಿ. ಇಲ್ಲದೆ ಬೇಡ.

ಮೂರು ಕಪ್ಪೆಗೆ 60 ಸೆಂ.ಮೀ. ಉದ್ದ, 30 ಅಗಲದ ತೊಟ್ಟಿ, ಅರ್ಧ ನೀರು, ಅರ್ಧ ನೆಲ. ನೀರು 8ರಿಂದ 10 ಸೆಂ.ಮೀ. ಆಳ. ಚರ್ಮದಿಂದ ಸೌಮ್ಯ ವಿಷ ಒಸರುತ್ತದೆ, ಮುಟ್ಟಿದ ಕೈಯಲ್ಲಿ ಕಣ್ಣುಜ್ಜಿದರೆ ಉರಿ. ಬೇರೆ ಜಾತಿಯ ಕಪ್ಪೆ, ಮೀನು ಯಾವುದನ್ನೂ ಜೊತೆಗಿಡಬೇಡಿ. ಹೊಟ್ಟೆ ಕಡುಗೆಂಪಾಗಿದ್ದರೆ ಕಾಡಿನಿಂದ ಹಿಡಿದದ್ದೇ ಎಂದು ಒಮ್ಮೆ ಅನುಮಾನಿಸಿ. ಸಾಕಿ ಬೆಳೆಸಿದವುಗಳಿಗೆ ಬಣ್ಣ ತರುವ ಆಹಾರ ಸಿಗದಿದ್ದರೆ ಹೊಟ್ಟೆ ಕಿತ್ತಳೆ ಅಥವಾ ಹಳದಿಯಾಗಿರುತ್ತದೆ, ಅದರಿಂದ ಕಪ್ಪೆಗೆ ತೊಂದರೆಯಿಲ್ಲ.

ಕೆಂಪುಕಣ್ಣು, ಡಾರ್ಟ್ ಕಪ್ಪೆಗಳು ಎರಡನೆಯ ಅಥವಾ ಮೂರನೆಯ ಕಪ್ಪೆಯಾಗಲಿ. ಡಾರ್ಟ್‌ಗೆ ದಿನವೂ ಹಣ್ಣಿನ ನೊಣ ಸಾಕಿ ಕೊಡಬೇಕು, ತೇವಾಂಶ ಸದಾ ಶೇ. 80ರ ಮೇಲಿರಬೇಕು. ಕೆಂಪುಕಣ್ಣು ಸಣ್ಣ ತಪ್ಪನ್ನೂ ತಾಳುವುದಿಲ್ಲ.

ಹುಳದ ಸರಬರಾಜು

ಡ್ವಾರ್ಫ್ ಬಿಟ್ಟರೆ ಉಳಿದ ಮೂರಕ್ಕೂ ಅಲ್ಲಾಡುವ ಊಟ ಬೇಕು. ಕಪ್ಪೆ ತರುವ ಒಂದೆರಡು ತಿಂಗಳ ಮೊದಲೇ ಡೂಬಿಯಾ ಜಿರಳೆಯ ಡಬ್ಬಿ ಶುರು ಮಾಡುವುದು ಜಾಣತನ. ಇವು ನುಣುಪು ಪ್ಲಾಸ್ಟಿಕ್ ಗೋಡೆ ಹತ್ತಲಾರವು, ಕ್ರಿಕೆಟ್ ಹುಳದಂತೆ ರಾತ್ರಿಯಿಡೀ ಕಿರ್ರೆನ್ನುವುದಿಲ್ಲ, ನಮ್ಮ ಸೆಕೆಯಲ್ಲಿ ಸೊಗಸಾಗಿ ಮರಿ ಹಾಕುತ್ತವೆ. 30 ಲೀಟರಿನ ಡಬ್ಬಿ, ನೆಟ್ಟಗೆ ನಿಲ್ಲಿಸಿದ ಮೊಟ್ಟೆಯ ಟ್ರೇ, ತಿನ್ನಲು ಕ್ಯಾರೆಟ್, ಕುಂಬಳ, ಸೊಪ್ಪು, ಅಷ್ಟೇ.

ಎರೆಹುಳ ಬಹಳ ಒಳ್ಳೆಯ ಊಟ, ಆದರೆ ಎಲ್ಲ ಎರೆಹುಳವೂ ಅಲ್ಲ. ಎರೆಗೊಬ್ಬರದ ತೊಟ್ಟಿಯಲ್ಲಿ ಸಿಗುವ ಕೆಂಪು ಪಟ್ಟೆಯ ಸಣ್ಣ ಹುಳ ಹಳದಿ ಬಣ್ಣದ ಕಹಿ ದ್ರವ ಬಿಡುತ್ತದೆ, ಕಪ್ಪೆಗಳು ಬಾಯಿಗೆ ಹಾಕಿ ಉಗಿಯುತ್ತವೆ. ಅದೇ ತೊಟ್ಟಿಗಳಲ್ಲಿ ಸಾಕುವ, ನೇರಳೆ ಹೊಳಪಿನ ಉದ್ದನೆಯ ಆಫ್ರಿಕನ್ ಎರೆಹುಳವನ್ನು ಹೆಚ್ಚಿನವು ಇಷ್ಟಪಟ್ಟು ತಿನ್ನುತ್ತವೆ. ರಾಮನಗರ, ಶಿಡ್ಲಘಟ್ಟದ ಸುತ್ತಲಿನವರಿಗೆ ರೇಷ್ಮೆಹುಳವೂ ಇದೆ. ಕೊಬ್ಬು ಕಡಿಮೆ, ಮೆತ್ತಗಿನ ಮೈ, ಬಡಕಲು ಕಪ್ಪೆಯನ್ನು ಚೇತರಿಸಲು ಚೆನ್ನ. ಹುಳದ ಮನೆಗೆ ಔಷಧಿ ಹೊಡೆದ ಕೂಡಲೇ ತಂದದ್ದಾಗಿರಬಾರದು. ಬಯಲಿನ ಮಿಡತೆ, ದೀಪದ ಹುಳ ಬೇಡ, ಯಾವ ತೋಟದ ಕೀಟನಾಶಕ ತಿಂದು ಬಂದಿವೆಯೋ ತಿಳಿಯದು. ಮೀಲ್‌ವರ್ಮ್ ಅಪರೂಪಕ್ಕೆ ಮಾತ್ರ, ಅದರ ಚಿಪ್ಪು ಗಟ್ಟಿ. ಯಾವ ಹುಳವೂ ಕಪ್ಪೆಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದಪ್ಪ ಇರಬಾರದು.

ಹುಳದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಬರೀ ಹುಳ ತಿಂದ ಮರಿಯ ದವಡೆ ಕೆಲವೇ ತಿಂಗಳಲ್ಲಿ ಮೆತ್ತಗಾಗುತ್ತದೆ, ಬೆರಳು ಸೆಟೆದು ನಡುಗುತ್ತವೆ, ಬೆನ್ನು ಬಾಗುತ್ತದೆ. ಬಾಗಿದ ಮೂಳೆ ಮತ್ತೆ ನೆಟ್ಟಗಾಗುವುದಿಲ್ಲ. ಹುಳವನ್ನು ಸಣ್ಣ ಡಬ್ಬಿಯಲ್ಲಿ ಹಾಕಿ, ವಿಟಮಿನ್ ಡಿ3 ಇರುವ ಕ್ಯಾಲ್ಸಿಯಂ ಪುಡಿ ಚಿಟಿಕೆ ಉದುರಿಸಿ ಕುಲುಕಿ ಕೊಡಿ. ಮರಿಗೆ ಪ್ರತಿ ಊಟಕ್ಕೆ, ಬೆಳೆದದ್ದಕ್ಕೆ ಊಟ ಬಿಟ್ಟು ಊಟಕ್ಕೆ. ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಮಲ್ಟಿವಿಟಮಿನ್ ಪುಡಿ. ಅದರಲ್ಲಿ ಎ ಜೀವಸತ್ವ ರೆಟಿನಾಲ್ ರೂಪದಲ್ಲಿದೆಯೇ ನೋಡಿ, ಬೀಟಾ ಕ್ಯಾರೋಟಿನನ್ನು ಕಪ್ಪೆಗಳು ಸರಿಯಾಗಿ ಬಳಸಿಕೊಳ್ಳಲಾರವು. ಎ ಕೊರತೆಯಾದ ಕಪ್ಪೆ ಹುಳಕ್ಕೆ ಗುರಿಯಿಟ್ಟು ನೆಗೆಯುತ್ತದೆ, ನಾಲಿಗೆಗೆ ಮಾತ್ರ ಹುಳ ಅಂಟುವುದಿಲ್ಲ. ಬೇಟೆ ಮರೆತಿದೆ ಎಂದುಕೊಳ್ಳಬೇಡಿ, ಅದು ರೋಗ.

ನೀರು, ಹೊಗೆ, ಬೇಸಿಗೆ

ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ, ಕ್ಲೋರಿನ್ ಜೊತೆ ಅಮೋನಿಯಾ ಸೇರಿಸಿ ಮಾಡಿದ ಕ್ಲೋರಮಿನ್ ಹೋಗುವುದಿಲ್ಲ. ಅಮೆರಿಕದ ಅನೇಕ ನಗರಗಳ ನೀರಿನಲ್ಲಿ ಕ್ಲೋರಮಿನ್ ಇರುತ್ತದೆ, ಅಲ್ಲಿ ಅದನ್ನೂ ತೆಗೆಯುವ ದ್ರಾವಣವೇ ಬೇಕು. ನಮ್ಮಲ್ಲಿ ಅಕ್ವೇರಿಯಂ ಅಂಗಡಿಯ ಆಂಟಿ-ಕ್ಲೋರಿನ್ ಹನಿ ಹಾಕುವ ಅಭ್ಯಾಸ ಇಟ್ಟುಕೊಂಡರೆ ಕ್ಷೇಮ. ತೀರಾ ಗಡಸು ಬೋರ್‌ವೆಲ್ ನೀರಿಗೆ ಅರ್ಧ ಆರ್.ಓ. ನೀರು ಬೆರೆಸಿ. ನೀರಿನಲ್ಲೇ ಇರುವ ಕಪ್ಪೆಗೆ ಬರಿಯ ಆರ್.ಓ. ನೀರು ಸಲ್ಲದು, ಲವಣಗಳು ಬೇಕು.

ಸೊಳ್ಳೆ ಬತ್ತಿ, ಗೋಡೆಗೆ ಸಿಕ್ಕಿಸುವ ಸೊಳ್ಳೆ ಮೆಷಿನ್, ಜಿರಳೆ ಸ್ಪ್ರೇ ಇವು ಕಪ್ಪೆಯ ಕೋಣೆಗೆ ಬರಬಾರದು. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ಆ ವಿಷ ನೇರ ಒಳಗಿಳಿಯುತ್ತದೆ. ಡಬ್ಬಿಯ ಹುಳಗಳೂ ರಾತ್ರಿ ಬೆಳಗಾಗುವುದರಲ್ಲಿ ಸಾಯುತ್ತವೆ. ಅಗರಬತ್ತಿ, ಸಾಂಬ್ರಾಣಿ, ಫಿನಾಯಿಲ್ ಕೂಡ ಅಲ್ಲಿಂದ ದೂರವಿರಲಿ. ಕಿಟಕಿಗೆ ಜಾಲರಿ ಹಾಕಿಸುವುದೇ ಸರಿಯಾದ ದಾರಿ. ಕಪ್ಪೆಯನ್ನು ಎತ್ತಲೇಬೇಕಾದಾಗ ಸೋಪು, ಕ್ರೀಮು, ಸ್ಯಾನಿಟೈಜರ್ ಏನೂ ಉಳಿಯದಂತೆ ತೊಳೆದ ಒದ್ದೆ ಕೈಯಿಂದ ಎತ್ತಿ.

ಬೇಸಿಗೆಗೆ ಉಪಾಯ ಸರಳ, ಮಿತಿಯೂ ಇದೆ. ಪೆಟ್ಟಿಗೆ ನೆಲದ ಹತ್ತಿರ, ಬಿಸಿಲು ಬೀಳದ ಗೋಡೆಯ ಕಡೆ ಇರಲಿ. ಜಾಲರಿಯ ಮೇಲಿಂದ ಸಣ್ಣ ಫ್ಯಾನ್ ಗಾಳಿ ಬಿಟ್ಟು, ನೀರು ಹೆಚ್ಚು ಸಲ ಚಿಮುಕಿಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕಲಬುರಗಿ, ರಾಯಚೂರಿನ 40 ಡಿಗ್ರಿ ದಾಟುವ ಮೇ ತಿಂಗಳಿಗೆ ಇದು ಸಾಲದು. ಎ.ಸಿ. ಹಗಲಿಡೀ ಓಡಿಸಲಾಗದಿದ್ದರೆ ಅಲ್ಲಿ ಯಾವ ಕಪ್ಪೆಯನ್ನೂ ಸಾಕಬಾರದು ಎಂಬುದೇ ನಮ್ಮ ಅಭಿಪ್ರಾಯ. ಕರೆಂಟ್ ಹೋಗುವ ತಾಸುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೊಳ್ಳುವ ದಿನ, ಮೊದಲ ತಿಂಗಳು

ಪೆಟ್ಟಿಗೆ ಸಿದ್ಧಪಡಿಸಿ, ಒಂದು ವಾರ ಖಾಲಿ ಓಡಿಸಿ, ಡಿಜಿಟಲ್ ಥರ್ಮಾಮೀಟರ್, ತೇವಾಂಶ ಅಳೆಯುವ ಹೈಗ್ರೋಮೀಟರ್ ಏನು ತೋರಿಸುತ್ತವೆ ಎಂದು ಹಗಲು ರಾತ್ರಿ ನೋಡಿ. ಹತ್ತಿರದಲ್ಲಿ ವಿದೇಶಿ ಪ್ರಾಣಿಗಳನ್ನು ನೋಡುವ ಪಶುವೈದ್ಯರು ಯಾರಿದ್ದಾರೆ ಎಂದು ಫೋನ್ ಮಾಡಿ ಕೇಳಿ. ಆಮೇಲೆ ಕೊಳ್ಳಲು ಹೋಗಿ.

ಅಂಗಡಿಯಲ್ಲಿ ಕಪ್ಪೆ ಊಟ ಮಾಡುವುದನ್ನು ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿ. ಕಣ್ಣು ತಿಳಿಯಾಗಿರಬೇಕು, ಸೊಂಟದ ಮೂಳೆ ಎದ್ದು ಕಾಣಬಾರದು, ಮೂತಿ ಉಜ್ಜಿ ಗಾಯವಾಗಿರಬಾರದು. ತಿರುಗಿಸಿ ಹೊಟ್ಟೆ, ಒಳತೊಡೆ ನೋಡಿ. ಅಲ್ಲಿ ರಕ್ತ ಕೆಂಪಿನ ಕಲೆ ಇದ್ದರೆ ಬ್ಯಾಕ್ಟೀರಿಯಾ ಸೋಂಕು. ಫೈರ್ ಬೆಲ್ಲಿಯಲ್ಲಿ ಈ ಗುರುತು ಸಿಗುವುದಿಲ್ಲ, ಅದರ ಚಟುವಟಿಕೆಯಿಂದಲೇ ತಿಳಿಯಬೇಕು. ಅದೇ ತೊಟ್ಟಿಯಲ್ಲಿ ಒಂದು ಸತ್ತದ್ದು ಬಿದ್ದಿದ್ದರೂ ಉಳಿದವನ್ನು ಕೊಳ್ಳಬೇಡಿ.

ಮನೆಗೆ ತಂದ ಮೇಲೆ ಮೂರು ನಾಲ್ಕು ದಿನ ಕಪ್ಪೆಯನ್ನು ಮುಟ್ಟದೆ, ನೆಂಟರಿಗೆ ತೋರಿಸದೆ ಬಿಡಿ. ಎರಡನೆಯ ರಾತ್ರಿ ಒಂದೆರಡು ಹುಳ ಬಿಟ್ಟು ನೋಡಿ. ತಿನ್ನದಿದ್ದರೆ ಹುಳ ಹೊರತೆಗೆಯಿರಿ, ಹಸಿದ ಕ್ರಿಕೆಟ್ ಮಲಗಿದ ಕಪ್ಪೆಯ ಚರ್ಮವನ್ನೇ ಕಡಿಯುತ್ತದೆ. ಬೆಳೆದ ಕಪ್ಪೆ ಒಂದು ವಾರ ಉಪವಾಸವಿದ್ದರೆ ಗಾಬರಿ ಬೇಡ, ಮರಿ ನಾಲ್ಕು ದಿನ ತಿನ್ನದಿದ್ದರೆ ವೈದ್ಯರಿಗೆ ತೋರಿಸಿ. ಮೊದಲ ಎರಡು ವಾರದೊಳಗೆ ಹೊಸ ಹೇಸಿಗೆಯನ್ನು ಒದ್ದೆ ಟಿಶ್ಯೂ ಜೊತೆ ಮುಚ್ಚಳದ ಡಬ್ಬಿಯಲ್ಲಿಟ್ಟು ಅದೇ ದಿನ ಜಂತುಹುಳ ಪರೀಕ್ಷೆಗೆ ಕೊಡಿ. ಮನೆಯಲ್ಲಿ ಮೊದಲೇ ಇನ್ನೊಂದು ಕಪ್ಪೆಯಿದ್ದರೆ ಹೊಸದನ್ನು ಕನಿಷ್ಠ 30 ದಿನ ಬೇರೆ ಕೋಣೆಯಲ್ಲಿ, ಬೇರೆ ಚಿಮಟ, ಬೇರೆ ತಟ್ಟೆಯೊಂದಿಗೆ ಇಡಬೇಕು. ಹಳೆಯದರ ಕೆಲಸ ಮುಗಿಸಿದ ಮೇಲೆಯೇ ಹೊಸದರ ಪೆಟ್ಟಿಗೆಗೆ ಕೈ ಹಾಕಿ.